ತಂಗಿಯ ಗಡಿಯಾರ

ಟೈಲರಮ್ಮನ ಹೊಲಿಗೆ ಯಂತ್ರದ ಮೇಲೆ ಗೋಡೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಮನೆಯದು, ಇನ್ನೊಂದು ತಂಗಿಯದು. ತಂಗಿ ಮದುವೆಯಾಗಿ ದೂರದೇಶಕ್ಕೆ ಹೋದ ದಿನವೇ ಟೈಲರಮ್ಮ ಅದನ್ನು ಐದು ಗಂಟೆ ಹಿಂದಿಟ್ಟು ನೇತುಹಾಕಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ ಅವಳ ನಿದ್ದೆ ಕೆಡಿಸಬಾರದಲ್ಲ.

ಆ ತಂಗಿ ಇವತ್ತು ಬರುವವಳಿದ್ದಳು. ಬರುವುದೆಂದರೆ ಮನೆಗಲ್ಲ. ಗಂಡನ ಹೊಸ ಕೆಲಸದ ಊರಿಗೆ ಹೋಗುವ ದಾರಿಯಲ್ಲಿ ಇಲ್ಲಿ ವಿಮಾನ ಬದಲಿಸಬೇಕು, ನಡುವೆ ಮೂರು ಗಂಟೆ ಬಿಡುವು. ಅಷ್ಟರೊಳಗೆ ಅಕ್ಕನಾದವಳು ತಂಗಿಯ ಮಗುವನ್ನು ಮೊದಲ ಸಲ ಎತ್ತಿಕೊಳ್ಳಬೇಕು. ಐದು ಗಂಟೆಗೆ ಇಳಿಯುತ್ತೇನೆ ಎಂದಿದ್ದಳು ತಂಗಿ. ಟೈಲರಮ್ಮ ಅಭ್ಯಾಸಬಲದಿಂದ ಅದಕ್ಕೆ ಐದು ಕೂಡಿಸಿದಳು: ನಮ್ಮಲ್ಲಿ ರಾತ್ರಿ ಹತ್ತು. ಬೇಕಾದಷ್ಟು ಹೊತ್ತಿದೆ ಎಂದು ಮಗುವಿನ ಹಳದಿ ಅಂಗಿಗೆ ನೆರಿಗೆ ಹಿಡಿಯುತ್ತ ಕೂತಳು.

ಮೂರೂವರೆಗೆ ಶಾಲೆಯಿಂದ ಬಂದ ಮಗಳು ಚೀಲ ಎಸೆದು ಅಮ್ಮನ ಫೋನು ಹಿಡಿದಳು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಹುಡುಕಿ, ಬೆರಳು ಮಡಚಿ, ಗಡಿಯಾರ ನೋಡಿ, ಮತ್ತೆ ಬೆರಳು ಮಡಚಿದಳು.

"ಅಮ್ಮ, ಚಿಕ್ಕಮ್ಮನ ವಿಮಾನಕ್ಕೇನು ಕಾಲುನೋವಾ?"

"ಯಾಕೇ?"

"ಎಂಟು ಸಾವಿರದ ನೂರು ಕಿಲೋಮೀಟರು. ಗಂಟೆಗೆ ಒಂಬೈನೂರು ಹೋದ್ರೆ ಒಂಬತ್ತು ಗಂಟೆ ಸಾಕು. 'ಹೊರಟೆ' ಅಂತ ಮೆಸೇಜು ಬಂದಾಗ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟು. ನೀನು ನೋಡಿದ್ರೆ ಹದಿನಾಲ್ಕು ಗಂಟೆ ಹಾರಿಸ್ತಿದೀಯ."

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಎಂಟಕ್ಕೆ ಒಂಬತ್ತು ಕೂಡಿಸಿದರೆ ಸಂಜೆ ಐದು. ಅಕ್ಕನಿಗೆ ತೊಂದರೆ ಯಾಕೆಂದು ತಂಗಿ ಆ ಐದು ಗಂಟೆಯ ವ್ಯತ್ಯಾಸವನ್ನು ತಾನೇ ಕೂಡಿಸಿ ಹೇಳಿದ್ದಳು! ಹತ್ತಕ್ಕೆ ಹೋಗಿದ್ದರೆ ಮಗು ಮತ್ತೆ ಆಕಾಶದಲ್ಲಿರುತ್ತಿತ್ತು.

ಆಮೇಲೆ ನಡೆದದ್ದೆಲ್ಲ ಓಟವೇ. ಕೊರಳಲ್ಲಿ ಅಳತೆಟೇಪು, ಬಾಯಲ್ಲಿ ದಾರ, ಕೈಯಲ್ಲಿ ಗುಂಡಿಯಿಲ್ಲದ ಅಂಗಿ. ಪಕ್ಕದ ಮನೆಯ ಟ್ಯಾಕ್ಸಿಯವನು ಹೊಲಿಯಲು ಕೊಟ್ಟ ತನ್ನ ಪ್ಯಾಂಟಿಗೆ 'ನಾಳೆ ಬಾ' ಅನ್ನಿಸಿಕೊಂಡು ಅಲೆದದ್ದನ್ನು ಎತ್ತಿ ಆಡಿದ. ಆಡುತ್ತಲೇ ಗಾಡಿ ತೆಗೆದ. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು ಟೈಲರಮ್ಮ ಗುಂಡಿ ಹೊಲಿದಳು. ರಸ್ತೆಯಲ್ಲಿ ಉಬ್ಬು ಬಂದಾಗೆಲ್ಲ ಅವನು "ಸೂಜಿ ಮೇಲೆತ್ತಿ ಅಕ್ಕಾ" ಎನ್ನುತ್ತಿದ್ದ.

ನಿಲ್ದಾಣದ ಫಲಕದಲ್ಲಿ 'ಇಳಿದಿದೆ' ಎಂದಿತ್ತು. ಗಾಜಿನ ಬಾಗಿಲು ಎಷ್ಟೋ ಸಲ ತೆರೆದು ಯಾರ್ಯಾರನ್ನೋ ಹೊರಗೆ ಬಿಟ್ಟಿತು. ಕೊನೆಗೆ ತಂಗಿ ಬಂದಳು, ಹೆಗಲ ಮೇಲೆ ಮಗು. ನಡೆದದ್ದನ್ನು ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮಣಿಕಟ್ಟು ಮುಂದೆ ಹಿಡಿದಳು.

"ನಾನು ಯಾವತ್ತೂ ನಿನ್ನ ಟೈಮೇ ಹೇಳೋದು ಕಣೇ. ಇಲ್ಲಿಂದ ಹೋದಾಗಿಂದ ನಾನು ಈ ವಾಚಿನ ಮುಳ್ಳು ತಿರುಗಿಸೇ ಇಲ್ಲ."

ಮಗು ಟೈಲರಮ್ಮನ ತೋಳಿಗೆ ಬಂದದ್ದೇ ಅಳತೆಟೇಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಅಂಗಿಗೆ ಇನ್ನೂ ಒಂದು ಗುಂಡಿ ಬಾಕಿಯಿತ್ತು, ಅವಳ ಎರಡು ಕೈಗೂ ಬಿಡುವಿರಲಿಲ್ಲ. ಮಗಳು ಅಮ್ಮನ ಚೀಲದಿಂದ ಸೂಜಿ ತೆಗೆದು ದಾರ ಪೋಣಿಸತೊಡಗಿದಳು.