ಹನ್ನೊಂದನೆಯ ತಿದ್ದುಪಡಿ

ಚಿಲಕಕ್ಕೆ ಸಿಕ್ಕಿಕೊಂಡ ಸೆರಗನ್ನು ಬಿಡಿಸಿಕೊಳ್ಳುತ್ತಲೇ ತಂಗಿ ಇನ್ನೆರಡು ಕುರ್ಚಿ ಹೊರಗೆಳೆದಳು. ನಡುಮನೆಯಲ್ಲಿ ಅಕ್ಕ ಬಿಳಿ ಹೊದಿಕೆಯೊಳಗೆ ಮಲಗಿದ್ದಳು. ಕಿಟಕಿಯ ಪರದೆ ಉಬ್ಬಿ ಇಳಿದಾಗಲೆಲ್ಲ ಬೆಳಕು ಆ ಮುಖದ ಮೇಲೆ ನೀರಿನಂತೆ ಹರಿಯುತ್ತಿತ್ತು. ಉಸಿರಾಡುತ್ತಿದ್ದಾಳೇನೋ ಎಂದು ತಂಗಿ ಎರಡು ಸಲ ಮೋಸಹೋದಳು.

"ಡ್ರೈವರ್ ಕೆಲಸ ಅಂತಿದ್ರು," ಪಕ್ಕದ ಮನೆಯ ದರ್ಜಿ ಪಿಸುಗುಟ್ಟಿದ. "ಇಪ್ಪತ್ತು ವರ್ಷದಲ್ಲಿ ಒಂದಿನಾನೂ ಗಾಡಿ ಓಡಿಸಿದ್ದು ನಾ ಕಾಣೆ."

"ಗಾಡಿ ಅಲ್ಲಣ್ಣ. ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸೋ ಸಾಮಾನಿಗೂ ಮಾತುಕತೆ ಮಾಡಿಸೋ ಪ್ರೋಗ್ರಾಮು. ಬೇರೆಯವರು ಕಳಿಸಿದ ತಿದ್ದುಪಡೀನ ಇವಳು ಪರೀಕ್ಷೆ ಮಾಡ್ತಿದ್ಲು. ಸಂಬಳ ಗಿಂಬಳ ಏನಿಲ್ಲ."

ತಂಗಿಯ ಕೊನೆಯ ಮಾತಿಗೆ ತುಸು ಕಹಿ ಸೇರಿಕೊಂಡಿತು.

*

ಮೊನ್ನೆ ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ಅಕ್ಕ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಪಟ್ಟಿಯ ಡ್ರೈವರ್ ಅದು. ಓದುತ್ತಿರುವಾಗ ಪಟ್ಟಿಯ ತಂತಿ ಕಳಚಿದರೆ ಇಡೀ ಕಂಪ್ಯೂಟರೇ ನಿಂತುಹೋಗುತ್ತಿತ್ತು. ಆ ದೋಷಕ್ಕೆ ಯಾರೋ ಹನ್ನೊಂದನೆಯ ಸಲ ತಿದ್ದುಪಡಿ ಕಳಿಸಿದ್ದರು.

"ನನ್ ಜೊತೆ ಮಾತಾಡೇ ಸ್ವಲ್ಪ. ಗುರುತು ಪರಿಚಯ ಇಲ್ದೋರಿಗೆ ಯಾಕೆ ಜೀವ ತೇಯ್ತೀಯ?" ಎಂದಳು ತಂಗಿ.

"ಇರೇ. ಪಟ್ಟಿ ಕಳಚಿಹೋದ ಮೇಲೂ ಈ ಡ್ರೈವರ್ ಮೆಮೊರಿಯಲ್ಲಿ ಅದರ ಜಾಗಕ್ಕೇ ಬರೀತಿತ್ತು. ಈಗ ಎಲ್ಲಾ ಕೆಲಸ ನಿಲ್ಲೋವರೆಗೂ ಕಾದು, ಆಮೇಲೆ ಜಾಗ ಬಿಡುತ್ತೆ. ಸರಿ ಮಾಡಿದಾನೆ, ಮಹರಾಯ!"

ಎರಡು ಸಾಲು ಒಪ್ಪಿಗೆ ಬರೆದು ಅಕ್ಕ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ತಂಗಿಯ ಪಾಲಿಗೆ ಒಂದು ಮಾತೂ ಉಳಿಯಲಿಲ್ಲ.

*

ಹೊರಗೆ ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂದು ನಿಂತ ಹೊತ್ತಿಗೆ ಮೆಟ್ಟಿಲ ಮೇಲೆ ಕೋಲು ತಟ್ಟಿತು. ಕಪ್ಪು ಕನ್ನಡಕದ ನಡುವಯಸ್ಸಿನವನೊಬ್ಬ ಬಾಗಿಲಲ್ಲಿ ನಿಂತಿದ್ದ.

"ನಿನ್ನೆ ನನಗೆ ಸುದ್ದಿ ಬರೆದೋರು ನೀವೇನಮ್ಮ? ಆ ತಿದ್ದುಪಡೀನ ಹನ್ನೊಂದು ಸಲ ಕಳಿಸಿದೋನು ನಾನೇ."

ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಪತ್ರಕ್ಕೆ, ಯಾರದೆಂದು ನೋಡದೆಯೇ, 'ಅಕ್ಕ ತೀರಿಕೊಂಡಳು' ಎಂದು ಮನೆಯ ವಿಳಾಸದ ಜೊತೆ ತಂಗಿ ಉತ್ತರಿಸಿದ್ದಳು, ಅಷ್ಟೆ.

"ಆಫೀಸಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕರೆ ಜೋಡಿಸೋನು ನಾನು. ಪ್ರೋಗ್ರಾಂ ಕಲಿಸಿದ್ದೇ ಅವರು. ಹತ್ತು ಸಲ ವಾಪಸ್ ಕಳಿಸಿದ್ರು. ಒಂದ್ಸಲಾನೂ 'ನಿನ್ ಕೈಲಾಗಲ್ಲ' ಅನ್ಲಿಲ್ಲ." ಅವನು ತಡೆದು ಕೇಳಿದ, "ಅವರ ದನಿ ಹೇಗಿತ್ತು? ನಾನು ಬರೀ ಓದಿದೀನಿ, ಕೇಳಿಲ್ಲ."

"ಕೀರಲು. ಬೈದ್ರೆ ಬೀದಿ ಕೊನೇವರೆಗೂ ಕೇಳಿಸೋದು." ತಂಗಿಗೆ ನಗು ಬಂತು, ಅದರ ಹಿಂದೆಯೇ ಅಳು. ತನ್ನದಾಗಿ ಬಚ್ಚಿಟ್ಟುಕೊಂಡಿದ್ದುದನ್ನೂ ಕೊಟ್ಟುಬಿಟ್ಟಳು: "'ಸರಿ ಮಾಡಿದಾನೆ, ಮಹರಾಯ' ಅಂದ್ಲು. ಅದೇ ಕೊನೇ ಮಾತು. ನಿಮಗೇ."

ಅವನು ಕೋಲನ್ನು ಗೋಡೆಗೆ ಒರಗಿಸಿದ. "ಒಂದ್ಸಲ ಕೈ ಮುಟ್ಟಬಹುದಾ?"

ತಂಗಿ ಹೊದಿಕೆ ಸರಿಸಿ ಅಕ್ಕನ ಅಂಗೈಯನ್ನು ಮೇಲ್ಮುಖವಾಗಿ ಹಿಡಿದಳು. ಅವನ ತೋರುಬೆರಳು ಎಡತುದಿಯಿಂದ ಹೊರಟು, ಗೆರೆಯೊಂದರ ಗುಂಟ ನಿಧಾನವಾಗಿ ಬಲಕ್ಕೆ ಸರಿಯಿತು; ಅಂಚು ಮುಟ್ಟಿ, ಮತ್ತೆ ಎಡಕ್ಕೆ ಬಂದು, ಎರಡನೆಯ ಸಾಲನ್ನು ಹಿಡಿಯಿತು.