ಕೆಂಚ ಸತ್ತನೋ, ಉಂಡನೋ?

ಮೂರ್ತಪ್ಪನಿಗೆ ಸಿಟ್ಟು ಬಂದರೆ ಭದ್ರಾ ಹೊಳೆ ಎರಡು ಮಾರು ಹಿಂದಕ್ಕೆ ಸರಿದು ನಿಲ್ಲುತ್ತದೆ ಎಂದು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಒಮ್ಮೆ ಅವನು ಗದರಿದ್ದಕ್ಕೆ, ಕರಗಿದ ಕಬ್ಬಿಣ ಅಚ್ಚಿಗೆ ಬೀಳುವ ಮೊದಲೇ ಹೆದರಿ ಗಟ್ಟಿಯಾಯಿತಂತೆ. ಇಂಥ ಸಿಟ್ಟನ್ನು ಮೂವತ್ತೈದು ವರ್ಷಗಳಿಂದ ಆರದಂತೆ ಊದುತ್ತ ಬಂದವನು ಒಬ್ಬನೇ, ಹೆಂಡತಿ ಚೌಡಮ್ಮನ ಅಣ್ಣ ಗಂಗಾಧರಪ್ಪ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೀಗ, ಚಿಲಕ ಮಾರುವ ಈ ಮನುಷ್ಯ ಹಬ್ಬವಿರಲಿ, ತಿಥಿಯಿರಲಿ, ಎಲೆಯ ಮುಂದೆ ಕೂತ ಕೂಡಲೇ ಅದೇ ಮಾತು ತೆಗೆಯುತ್ತಿದ್ದ.

“ಕೆಂಚ ಸತ್ತ.”

“ಸಾಯ್ಲಿಲ್ಲ ಭಾವ. ಮನೆಗೆ ಬಂದು ಊಟ ಮಾಡ್ದ.”

ಆಮೇಲೆ ಪಲ್ಯದ ಬಟ್ಟಲು ಹಾರುತ್ತಿತ್ತು.

ಕೆಂಚ ಎಂದರೆ ‘ಕಬ್ಬಿಣದ ಕೆಂಚ’ ಸಿನಿಮಾದ ನಾಯಕ. ಸಿನಿಮಾ ಬಂದ ವರ್ಷ ಭದ್ರಾವತಿಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಅದೇ ಹೆಸರಿಟ್ಟಿದ್ದರಿಂದ, ಮುಂದೆ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು. ಕೆಂಚ ಜೊತೆಗಾರರನ್ನು ಉಳಿಸಲು ಕುಲುಮೆಯ ಬೆಂಕಿಗೆ ನುಗ್ಗುತ್ತಾನೆ. ಅಲ್ಲಿಯವರೆಗೆ ಇಬ್ಬರದೂ ಒಪ್ಪಿಗೆಯೇ. ಆದರೆ ಮೂರ್ತಪ್ಪ ಕಂಡ ಸಿನಿಮಾದಲ್ಲಿ ಕೆಂಚ ಆಮೇಲೆ ಮಸಿ ಮೆತ್ತಿದ ಮುಖ ಹೊತ್ತು ಮನೆಗೆ ಬರುತ್ತಾನೆ, ಬಾಗಿಲು ತೆರೆದ ಮಗಳಿಗೆ “ಹಸಿವಾಗ್ತಿದೆ, ಬಡಿಸವ್ವ” ಎನ್ನುತ್ತಾನೆ.

ಈ ಒಂದು ಮಾತಿಗಾಗಿ ಮೂರ್ತಪ್ಪ ಯಾರ ಜೊತೆಗಾದರೂ ಬಡಿದಾಡಬಲ್ಲವನಾಗಿದ್ದ. ಸಿನಿಮಾ ಬರುವ ಸ್ವಲ್ಪ ದಿನ ಮುಂಚೆ ಚೌಡಮ್ಮನ ಅಪ್ಪ ಕುಲುಮೆಯ ಬೆಂಕಿಗೇ ಸಿಕ್ಕಿ ತೀರಿಕೊಂಡಿದ್ದ. ಅನ್ನ ಬಿಟ್ಟು ಮೂಲೆ ಹಿಡಿದಿದ್ದ ಹುಡುಗಿಯನ್ನು ಪಕ್ಕದ ಮನೆಯವರು ಬಲವಂತವಾಗಿ ಟಾಕೀಸಿಗೆ ಎಳೆದೊಯ್ದರು. ಬಂದವಳೇ ತಟ್ಟೆ ಹಾಕಿಕೊಂಡು ಕೂತಳು. ಕೆಂಚ ಸತ್ತಿದ್ದರೆ ಚೌಡಮ್ಮ ಉಳಿಯುತ್ತಿರಲಿಲ್ಲ. ಮೂರ್ತಪ್ಪನ ಮಟ್ಟಿಗೆ ಅವನ ಸಂಸಾರವೇ ಕೆಂಚನ ಆ ಊಟದ ಮೇಲೆ ನಿಂತಿತ್ತು.

ಈ ವರ್ಷ ಸಿನಿಮಾಕ್ಕೆ ಹೊಸ ಹೊಳಪು ಕೊಟ್ಟು ಶಿವಮೊಗ್ಗದಲ್ಲಿ ಮತ್ತೆ ಹಾಕಿದರು. ಮೂರ್ತಪ್ಪ ಓಲ್ಡ್ ಟೌನಿನ ಅರ್ಧ ಜನರನ್ನು ಒಂದೇ ಬಸ್ಸಿಗೆ ತುಂಬಿದ. ಬಸ್ಸಿನ ಹೊಟ್ಟೆ ರಸ್ತೆಗೆ ತಾಗಿ ಕಿಡಿ ಹಾರಿತು. “ಇವತ್ತು ಭಾವನ ಬಾಯಿಗೆ ಅವರ ಅಂಗಡಿ ಬೀಗಾನೇ ಹಾಕ್ತೀನಿ” ಎಂದು ದಾರಿಯುದ್ದಕ್ಕೂ ಸಾರಿದ.

ಮ್ಯಾಟಿನಿ ಶುರುವಾಯಿತು. ಚೌಡಮ್ಮನ ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ಅಣ್ಣ. ಕೆಂಚ ಜೈಲಿಗೆ ಹೋದ. ಇಂಟರ್‌ವೆಲ್ ಮುಗಿದು ಸ್ವಲ್ಪ ಹೊತ್ತಿಗೆ ಮಸಿ ಮುಖದಲ್ಲಿ ಮನೆಯ ಬಾಗಿಲು ಬಡಿದ. “ಹಸಿವಾಗ್ತಿದೆ, ಬಡಿಸವ್ವ.”

ಮೂರ್ತಪ್ಪ ಗಾಬರಿಯಾದ. “ಇದೇನಿದು? ಈಗ್ಲೇ ಬಂದ್ಬಿಟ್ಟ?”

“ಜೈಲಿಂದ ಇದ್ದಿಲು ಲಾರಿ ಹತ್ತಿ ಬಂದ ಮಾರಾಯ. ಸಾಯೋದು ಇನ್ನೂ ಇದೆ” ಎಂದ ಗಂಗಾಧರಪ್ಪ, ಪರದೆಯಿಂದ ಕಣ್ಣು ತೆಗೆಯದೆ.

ಬೆಂಕಿ ಬಂತು. ಕೆಂಚ ನುಗ್ಗಿದ. ಹೊಗೆ ತುಂಬಿತು. ಮುಗಿಯಿತು, ದೀಪ ಹತ್ತಿತು.

ಆಗ ಮೂರ್ತಪ್ಪ ಹಾಕಿದ ಕೂಗಿಗೆ ಸಕ್ರೆಬೈಲು ಕ್ಯಾಂಪಿನ ಆನೆಗಳು ಸರಪಳಿ ಜಗ್ಗಿದವು. “ಯಾವನೋ ಅವನು ಕತ್ತರಿ ಹಾಕಿದ್ದು? ಬಾರೋ ಹೊರಗೆ!”

ಮ್ಯಾನೇಜರ್ ಹರಿಪ್ರಸಾದ್ ಓಡಿ ಬಂದ. ಮೀಸೆ ಈಗಷ್ಟೇ ಚಿಗುರಿದ ವಯಸ್ಸು. “ಏನೂ ಕಟ್ ಮಾಡಿಲ್ಲ ಸಾರ್. ಇರೋದೇ ಇಷ್ಟು.”

“ಸುಳ್ಳು! ಕೊನೇಲಿ ಅವನು ಮನೆಗೆ ಬರ್ತಾನೆ! ಇಡೀ ಭದ್ರಾವತಿ ನೋಡಿದೆ!”

“ರೀ, ಕೂತ್ಕೊಳ್ಳಿ” ಎಂದಳು ಚೌಡಮ್ಮ. “ಆಗ ಎರಡೂರಿಗೆ ಒಂದೇ ಪ್ರಿಂಟು. ಇಲ್ಲಿ ಓಡಿದ ರೀಲಿನ ಡಬ್ಬಿ ಬಸ್ಸಲ್ಲಿ ನಮ್ಮೂರಿಗೆ ಬರ್ತಿತ್ತು. ಮೊದಲನೇ ದಿನ ಯಾವುದೋ ಬಸ್ಸು ಕೆಟ್ಟು ಡಬ್ಬಿ ಹಿಂದೆಮುಂದೆ ಬಂದ್ವು. ಆಪರೇಟರ್ ಪುಟ್ಟಯ್ಯ ಬಂದ ಹಾಗೇ ಹಾಕ್ದ. ಬೆಂಕಿ ಮೊದಲು, ಊಟ ಆಮೇಲೆ. ಮಾರನೇ ದಿನ ಸರಿ ಮಾಡಿ ಹಾಕಿದ್ದಕ್ಕೆ ನಮ್ಮ ಜನ ಕುರ್ಚಿ ಮುರಿದ್ರು. ನಾನೂ ಚಪ್ಪಲಿ ಎಸೆದೆ. ಆಮೇಲೆ ಪಾಪ, ಸಿನಿಮಾ ಎತ್ತೋವರೆಗೂ ತಪ್ಪಾಗೇ ಹಾಕ್ದ.”

ಮೂರ್ತಪ್ಪ ಹೆಂಡತಿಯ ಕಡೆ ತಿರುಗಿದ. “ಗೊತ್ತಿತ್ತಾ ನಿಂಗೆ? ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಸಾಯ್ಲಿಲ್ಲ ಅಂತ ನೀವು ಜಗಳ ಆಡ್ತಿದ್ರಲ್ಲ, ಕೇಳೋಕೆ ಚೆನ್ನಾಗಿತ್ತು.”

ಗಂಗಾಧರಪ್ಪ ಎದ್ದು ನಿಂತ. “ಚೌಡಿ, ಅಪ್ಪಯ್ಯ ಹೋಗಿ ತಿಂಗಳಾಗಿರ್ಲಿಲ್ಲ. ನಾನು ಅಂಗಡಿ ಕೆಲಸ ಮುಗಿಸಿ ಇದೇ ಟಾಕೀಸಲ್ಲಿ ಕೂತು, ಕೆಂಚ ಸುಟ್ಟು ಹೋಗೋದನ್ನ ನೋಡ್ದೆ, ಅಪ್ಪಯ್ಯನೇ ಇನ್ನೊಂದ್ಸಲ ಸುಟ್ಟ ಹಾಗಾಯ್ತು. ಚರಂಡಿ ಪಕ್ಕ ಕೂತು ಅತ್ತೆ. ಮನೆಗೆ ಬಂದ್ರೆ ನೀನು ಅದೇ ಸಿನಿಮಾ ನೋಡಿ ಬಂದು ಸಾರನ್ನ ಕಲಸ್ಕೊಂಡು ನಗ್ತಿದ್ದೆ. ನಿನ್ನ ಆ ನಗೂನ ಇವತ್ತಿಗೂ ನಂಗೆ ನುಂಗೋಕಾಗಿಲ್ಲ ಕಣೆ.”

“ನಾನು ನೋಡಿದ ಸಿನಿಮಾನೇ ಬೇರೆ ಕಣಣ್ಣ.”

ಬಟ್ಟಲುಗಳೆಲ್ಲ ಹಾರಿದ್ದು ಕೆಂಚನಿಗಾಗಿ ಅಲ್ಲವೆಂದು ಮೂರ್ತಪ್ಪನಿಗೆ ಆಗ ಹೊಳೆಯಿತು. ಸಿಟ್ಟಂತೂ ಇಳಿಯಲಿಲ್ಲ, ತಿರುಗಿತು. ಅವನು ಹರಿಪ್ರಸಾದನ ಕಾಲರ್ ಹಿಡಿದ. “ಆ ಊಟದ ಸೀನು ಈಗ ಹಾಕು.”

“ಮುಂದಿನ ಶೋಗೆ ಜನ ಕಾಯ್ತಿದ್ದಾರೆ ಸಾರ್...”

“ಕಾಯ್ಲಿ. ನಮ್ಮ ಭಾವ ಮೂವತ್ತೈದು ವರ್ಷ ಕಾದಿದ್ದಾರೆ.” ಹೀಗೆಂದವನೇ ಹೋಗಿ ಪರದೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. ಓಲ್ಡ್ ಟೌನೂ ಅವನ ಹಿಂದೆ ಹೋಗಿ ಕೂತಿತು. ಪೊಲೀಸರೇನು, ಪಟಾಲಮ್ಮು ಬಂದರೂ ಅವರು ಏಳುವಂತಿರಲಿಲ್ಲ.

ದೀಪ ಆರಿತು. ಬಾಗಿಲು ಬಡಿದ ಸದ್ದು. ಮಗಳು ತೆರೆದಳು. ಮಸಿ ಮುಖ, ಬಿಳಿ ಹಲ್ಲು. “ಹಸಿವಾಗ್ತಿದೆ, ಬಡಿಸವ್ವ.”

ಗಂಗಾಧರಪ್ಪ ಕುರ್ಚಿಯ ಕೈಯನ್ನು ಕಿತ್ತು ಬರುವಂತೆ ಹಿಡಿದಿದ್ದ. ಕೆಂಚ ಮೊದಲ ತುತ್ತು ಬಾಯಿಗಿಟ್ಟಾಗ ಅವನು ಪ್ರೊಜೆಕ್ಟರ್ ಕೋಣೆಯ ಕಡೆ ತಿರುಗಿ, ಗಂಟಲು ಹರಿಯುವಂತೆ ಕಿರುಚಿದ.

“ಲೇ! ಆವತ್ತು ಇಲ್ಲೂ ಹೀಗೇ ಹಾಕೋಕೆ ನಿಮಗೇನ್ರೋ ರೋಗ ಬಡಿದಿತ್ತು?”

‘ನೋಡಿದ್ರಾ ಭಾವ, ಸಾಯ್ಲಿಲ್ಲ’ ಎನ್ನುವ ಮಾತು ಮೂರ್ತಪ್ಪನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡ. ಭಾವನ ಪಕ್ಕಕ್ಕೆ ಹೋಗಿ ನಿಂತು, “ಕೇಳಿ ಭಾವ, ಬಿಡ್ಬೇಡಿ ಅವನನ್ನ!” ಎಂದು ತನ್ನ ದನಿಯನ್ನೂ ಸೇರಿಸಿದ. ಆ ಕಾಲಕ್ಕೆ ಹುಟ್ಟೇ ಇರದಿದ್ದ ಹರಿಪ್ರಸಾದ್ ಇಬ್ಬರ ಬೈಗುಳವನ್ನೂ ತಲೆ ತಗ್ಗಿಸಿ ಕೇಳುತ್ತ ನಿಂತ.