ಹೊಡೆದುಹಾಕಿದ ಇಪ್ಪತ್ತನಾಲ್ಕನೇ ನಡೆ

ಲಿಫ್ಟ್ ರಿಪೇರಿಯವನು ಚದುರಂಗದಲ್ಲಿ ಸೋತ ಸುದ್ದಿ ಹಬ್ಬಿದ ದಿನ ಊರಿನ ಅರ್ಧ ಲಿಫ್ಟುಗಳು ದುಃಖ ತಾಳದೆ ತಾವಾಗಿಯೇ ನಿಂತುಬಿಟ್ಟವು. ನಂಬುವುದಿಲ್ಲವೆ? ಬೇಡ ಬಿಡಿ, ಕಾಲು ಭಾಗ ಅಂತ ಇಟ್ಟುಕೊಳ್ಳೋಣ. ಒಂದಂತೂ ನಿಂತಿತ್ತು, ನಾಲ್ಕು ಮತ್ತು ಐದನೇ ಮಹಡಿಯ ನಡುವೆ, ಒಳಗೊಬ್ಬ ಹಲ್ಲಿನ ಡಾಕ್ಟರ ಸಮೇತ.

ಹನ್ನೊಂದು ವರ್ಷದಿಂದ ಕ್ಲಬ್ಬಿನ ತಂಡದಲ್ಲಿ ಮೂರನೇ ಕುರ್ಚಿ ಅವನದು. ಕೂತು ಕೂತು ಆ ಕುರ್ಚಿಯ ಬೆತ್ತ ಅವನ ಆಕಾರಕ್ಕೇ ಬಗ್ಗಿಹೋಗಿತ್ತು. ಬೇರೆಯವರು ಕೂತರೆ ಕುರ್ಚಿಯೇ ಕೆಮ್ಮಿ ಎಬ್ಬಿಸುತ್ತದೆ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅಂಥವನನ್ನು ಸೋಲಿಸಿದ್ದು ಯಾರು? ಅವನ ಅತ್ತಿಗೆ! ಔಷಧಿ ಅಂಗಡಿ ನಡೆಸುವವಳು. ಎರಡು ವರ್ಷದ ಹಿಂದೆ, ಕುದುರೆ ಹೇಗೆ ನೆಗೆಯುತ್ತದೆ ಎಂದು ಅವನ ಹತ್ತಿರವೇ ಹೇಳಿಸಿಕೊಂಡವಳು.

ಕ್ಲಬ್ಬೆಂದರೆ ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಕೆಳಗಿನಿಂದ ಟೈರಿನ ವಾಸನೆ, ಮೇಲಿನಿಂದ ಫ್ಯಾನಿನ ನರಳಾಟ, ನಡುವೆ ಹದಿನಾಲ್ಕು ಜನರ ಜಂಬ. ಅಲ್ಲಿ ಎರಡು ಕಟ್ಟಳೆ. ಮೊದಲನೆಯದು, ಕೈಗಿಂತ ಮುಂಚೆ ಪೆನ್ನು: ಆಡಬೇಕೆಂದಿರುವ ನಡೆಯನ್ನು ಮೊದಲು ಚೀಟಿಯಲ್ಲಿ ಬರೆದು, ಆಮೇಲೆ ಕಾಯಿ ಮುಟ್ಟಬೇಕು. ಇನ್ನೊಂದು, ಸೋತವನ ಪಾಠ: ಮುಂದಿನ ಭಾನುವಾರ ಸೋತವನು ಗೋಡೆಯ ದೊಡ್ಡ ಹಲಗೆಯ ಮುಂದೆ ನಿಂತು ಎಲ್ಲಿ ಎಡವಿದೆ ಎಂದು ಎಲ್ಲರಿಗೂ ತೋರಿಸಬೇಕು. ನಿಜವಾದ ತಪ್ಪನ್ನೇ ತೋರಿಸಿದ ಎಂದು ಹೆಚ್ಚು ಕೈಗಳು ಎದ್ದರೆ ಕುರ್ಚಿ ಉಳಿಯಿತು. ಏಳಲಿಲ್ಲವೋ, ಬಾಗಿಲ ಬಳಿಯ ಕುಂಟು ಮೇಜು, ಹೊಸಬರ ಜೊತೆ, ಒಂದಿಡೀ ವರ್ಷ. ಅದರ ಮರುವಾರವೇ ಪಕ್ಕದೂರಿನ ಕ್ಲಬ್ಬಿನ ಮೇಲೆ ಪಂದ್ಯ ಬೇರೆ. ಕುರ್ಚಿ ಹೋದರೆ ಅದರಲ್ಲಿ ಕೂರುವುದು ಮೀಸಲು ಆಟಗಾರ್ತಿ. ಅಂದರೆ ಮತ್ತೆ ಅತ್ತಿಗೆಯೇ.

ಸೋಮವಾರ ಮಧ್ಯಾಹ್ನ ಒಂಬತ್ತು ಮಹಡಿಯ ಕಟ್ಟಡದ ನೆತ್ತಿಯ ಮೇಲೆ, ಲಿಫ್ಟಿನ ಮೋಟರು ಕೋಣೆಯಲ್ಲಿ ಅವನು ಊಟದ ಡಬ್ಬಿ ಪಕ್ಕಕ್ಕಿಟ್ಟು, ಅಂಗೈಯಗಲದ ಆಯಸ್ಕಾಂತದ ಹಲಗೆ ಬಿಡಿಸಿ, ಚೀಟಿ ಹರವಿದ. ಲಿಫ್ಟು ಕೆಟ್ಟರೆ ಅವನು ನಿಂತ ಜಾಗದಿಂದ ಹಿಂದಕ್ಕೆ ಹುಡುಕುತ್ತ ಹೋಗುವವನು. ಲಿಫ್ಟು ಯಾಕೆ ಹೊರಡಲಿಲ್ಲ? ಬಾಗಿಲ ಸ್ವಿಚ್ಚು ಒತ್ತಿಕೊಳ್ಳಲಿಲ್ಲ. ಸ್ವಿಚ್ಚು ಯಾಕೆ ಒತ್ತಿಕೊಳ್ಳಲಿಲ್ಲ? ಬಾಗಿಲ ಜಾಡಿನಲ್ಲಿ ಯಾರದೋ ಅಂಗಿಯ ಗುಂಡಿ. ಹೀಗೆ ಹುಡುಕಿ ಹುಡುಕಿ ಅವನು ಒಂದು ಸಾವಿರ ಗುಂಡಿ ಹೊರತೆಗೆದಿದ್ದಾನೆ. ಒಂದು ಸಾವಿರ ಅಂದರೆ ಮೂರು.

ಆಟವನ್ನೂ ಹಾಗೆಯೇ ಹಿಂದಕ್ಕೆ ಎಳೆದ. ಮೂವತ್ತೆಂಟನೇ ನಡೆಯಲ್ಲಿ ಕೈ ಚೆಲ್ಲಿದ್ದ. ಮೂವತ್ತೊಂದರಲ್ಲಿ ಆನೆಯನ್ನು ಒಂದು ಮನೆ ಹೆಚ್ಚಿಗೆ ಸರಿಸಿದ್ದ. ತಪ್ಪೇನೋ ಹೌದು, ಆದರೆ ಅಷ್ಟು ಹೊತ್ತಿಗೆ ಹೆಣಕ್ಕೆ ಬಾಚಣಿಗೆ ಹಿಡಿದ ಹಾಗಾಗಿತ್ತು. ಇನ್ನೂ ಹಿಂದಕ್ಕೆ ಹೋದ. ಇಪ್ಪತ್ತನಾಲ್ಕಕ್ಕೆ ಬಂದಾಗ ಬೆರಳು ನಿಂತಿತು.

ಆ ಸಾಲಿನಲ್ಲಿ ಒಂದು ನಡೆ ಬರೆದು ಹೊಡೆದುಹಾಕಿತ್ತು. ಸುಮ್ಮನೆ ಗೆರೆ ಎಳೆದದ್ದಲ್ಲ, ಕಾಗದಕ್ಕೆ ಜೀವ ಹೋಗುವಷ್ಟು ಗೀಚಿದ್ದ. ಅದರ ಕೆಳಗೆ ಇದ್ದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತು: ಕುದುರೆಯ ಒಂದು ನೆಗೆತ. ಒಂದೇ ನೆಗೆತಕ್ಕೆ ಅತ್ತಿಗೆಯ ರಾಜನಿಗೂ ರಾಣಿಗೂ ಗುರಿ. ರಾಜ ಓಡಲೇಬೇಕು, ರಾಣಿ ಸಾಯಲೇಬೇಕು, ಆಟ ಅಲ್ಲಿಗೆ ಮುಗಿಯಬೇಕು. ಹಾಗಾದರೆ ಹೊಡೆದದ್ದು ಯಾಕೆ? ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಗೋಡೆಯ ಮೇಲಿನ ಗಾಜಿನ ಚೌಕಟ್ಟು ಕಣ್ಣಿಗೆ ಬಿದ್ದಿತ್ತು. ವರ್ಷದ ಅತಿ ಚೆಲುವಾದ ಆಟದ ಚೀಟಿ ಅದರೊಳಗೆ ಕೂರುತ್ತದೆ. ಹನ್ನೊಂದು ವರ್ಷದಲ್ಲಿ ಅವನದೊಂದೂ ಕೂತಿರಲಿಲ್ಲ. ಕುದುರೆ ನೆಗೆಸಿ ಗೆದ್ದರೆ ಯಾರು ಚೌಕಟ್ಟು ಹಾಕಿಸುತ್ತಾರೆ? ಅದನ್ನು ಹೊಡೆದುಹಾಕಿ, ತನ್ನ ರಾಣಿಯನ್ನೇ ಬಲಿ ಕೊಟ್ಟಿದ್ದ! ಅತ್ತಿಗೆಯ ರಾಜ ಆ ರಾಣಿಯನ್ನು ತಿಂದಿತ್ತು, ಇವನು ಆನೆಯಿಂದ ಚೆಕ್ ಕೊಟ್ಟಿದ್ದ. ಇನ್ನು ಮೂರು ನಡೆಗೆ ಆಟ ಖಲಾಸ್ ಎಂದು ಕೈಕಟ್ಟಿ ಕೂತಿದ್ದಾಗ ಅತ್ತಿಗೆಯ ರಾಜ ಹಿಂದಕ್ಕೆ ಓಡಲಿಲ್ಲ. ಮುಂದಕ್ಕೆ, ನೇರ ಇವನ ದಂಡಿನ ಬಾಯಿಗೇ ನಡೆದುಬಂದಿತ್ತು. ಅವನು ಆಗ ಮೂಗಿನಲ್ಲೇ ನಕ್ಕಿದ್ದ. ಆಮೇಲೆ ನಗುವುದಕ್ಕೇನೂ ಉಳಿದಿರಲಿಲ್ಲ.

ಇದನ್ನೆಲ್ಲ ಹದಿಮೂರು ಜನರ ಮುಂದೆ ಹೇಳುವುದೆ? ಚೌಕಟ್ಟಿನ ಆಸೆಗೆ ಗೆದ್ದ ಆಟ ಬಿಟ್ಟೆ ಎಂದು? ಅದಕ್ಕಿಂತ ಕೇಬಲ್ ಇಲ್ಲದ ಲಿಫ್ಟು ಹತ್ತುವುದು ಮೇಲು. ಎಲ್ಲವನ್ನೂ ಮೂವತ್ತೊಂದನೇ ನಡೆಯ ಆನೆಯ ತಲೆಗೆ ಕಟ್ಟುವುದೆಂದು ತೀರ್ಮಾನಿಸಿ ಅವನು ಡಬ್ಬಿಯ ಅನ್ನ ಖಾಲಿ ಮಾಡಿದ.

ಬುಧವಾರ, ಅತ್ತಿಗೆ ಅಂಗಡಿ ಮುಚ್ಚಿ ಬರುವವರೆಗೆ ಕೆಮ್ಮು ತಡೆಯಲಾರೆ ಎಂದ ಅಣ್ಣನಿಗೆ ಔಷಧಿ ತರಲು ಅವಳ ಅಂಗಡಿಗೆ ಹೋದ.

"ಏನಪ್ಪಾ ಮೈದುನ, ಪಾಠ ತಯಾರಾಯ್ತಾ?" ಎಂದಳು ಅತ್ತಿಗೆ, ಮಾತ್ರೆಯ ಹಾಳೆ ಕತ್ತರಿಸುತ್ತಾ. "ಚೀಟಿ ಇದ್ರೆ ಕೊಡು. ನನ್ನದರಲ್ಲಿ ಎರಡು ನಡೆ ಸರಿಯಾಗಿ ಬರೆದಿಲ್ಲ."

ಜೇಬಿನಿಂದ ತೆಗೆದು ಕೊಟ್ಟ. ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ. ಮೂವತ್ತು ಡಾಕ್ಟರುಗಳ ಕೋಳಿ ಕೆದಕಿದಂಥ ಅಕ್ಷರ ದಿನಾ ಓದುವವಳ ಮುಂದೆ ಇವನ ಗೀಚಾಟ ಯಾವ ಮೂಲೆಗೆ? ಅವಳು ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದಳು. ಒಂದು ಹುಬ್ಬು ಮೇಲೇರಿತು.

"ಕುದುರೆ," ಎಂದಳು.

"ಯಾವ ಕುದುರೆ? ಅದು... ಪೆನ್ನು ಕಕ್ಕಿದ್ದು, ಅತ್ತಿಗೆ."

"ಪೆನ್ನು ಕಕ್ಕಿದ್ದು ಕುದುರೆ ಆಕಾರದಲ್ಲಾ? ಸರಿ. ಭಾನುವಾರ ಏನು ಹೇಳ್ತೀಯಾ?"

"ಆನೆ. ಮೂವತ್ತೊಂದು. ಅಲ್ಲೀತನಕ ಬಲಿ ಸರಿಯಾಗೇ ಇತ್ತು ಅಂತ."

"ಮತ್ತೆ ನನ್ನ ರಾಜ ಮುಂದಕ್ಕೆ ನಡೆದಿದ್ದು?"

"ಅದಾ? ಅದು ಗಾಬರೀಲಿ ಆಯ್ತು ಅಂತ ಹೇಳಿದ್ರೆ..."

ಕತ್ತರಿ ನಿಂತಿತು. "ಗಾಬರೀಲಾ? ಇಪ್ಪತ್ತು ನಿಮಿಷ ಕೂತು ಯೋಚಿಸಿದ್ದೆ ಕಣೋ. ಎಷ್ಟು ಸಲ ಎಣಿಸಿದ್ದೆ ಗೊತ್ತಾ? ಉಳಿಯೋದಕ್ಕೆ ಅದೊಂದೇ ದಾರಿ ಇತ್ತು. ಜನ್ಮದಲ್ಲಿ ಅಂಥದ್ದೊಂದು ನಡೆ ಆಡಿದೀನಿ, ಅದನ್ನೂ ನುಂಗಿಬಿಡ್ತೀಯಾ?"

"ನೀವೇನು ಬಾಯಿಬಿಡ್ತೀರಾ, ಅತ್ತಿಗೆ?"

"ನಾನ್ಯಾಕೆ ಬಿಡ್ಲಿ? ಬಾಯಿಬಿಟ್ರೆ ಕುರ್ಚಿ ಆಸೆಗೆ ಅಂತಾರೆ." ಔಷಧಿ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಮುಂದಕ್ಕೆ ತಳ್ಳಿದಳು. "ಊಟ ಆದ್ಮೇಲೆ ಎರಡು ಚಮಚ. ನಿಮ್ಮಣ್ಣನಿಗೆ. ನಿನ್ನ ಕಾಯಿಲೆಗೆ ನಮ್ಮಂಗಡೀಲಿ ಏನೂ ಇಲ್ಲ."

ಭಾನುವಾರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಕ್ಷ ಜನ ಸೇರಿದ್ದರು. ಲೆಕ್ಕಕ್ಕೆ ಅದೇ ಹದಿನಾಲ್ಕು. ಮುಂದಿನ ಕುರ್ಚಿಯಲ್ಲಿ ಪ್ರೂಫಜ್ಜ. ನಲವತ್ತು ವರ್ಷ ಪತ್ರಿಕೆಯಲ್ಲಿ ಬೇರೆಯವರ ತಪ್ಪು ತಿದ್ದಿದ ಮುದುಕ. ಈಗಲೂ ಮದುವೆಯ ಕಾರ್ಡು ಬಂದರೆ ಕೆಂಪು ಪೆನ್ನಲ್ಲಿ ತಿದ್ದಿ ವಾಪಸ್ಸು ಕಳಿಸುತ್ತಾನೆ.

ಲಿಫ್ಟಿನವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಆನೆಯ ದ್ರೋಹವನ್ನು ಎಷ್ಟು ಮನಮುಟ್ಟುವಂತೆ ಬಣ್ಣಿಸಿದನೆಂದರೆ ಹಿಂದಿನ ಸಾಲಿನ ಬೇಕರಿಯವನು ಕಣ್ಣೊರೆಸಿಕೊಂಡ. ಕಣ್ಣಿಗೆ ಹಿಟ್ಟು ಬಿದ್ದಿತ್ತಂತೆ, ಅದು ಆಮೇಲಿನ ವಿಚಾರ.

"ಇದಕ್ಕೂ ಮುಂಚೆ?" ಎಂದ ಪ್ರೂಫಜ್ಜ.

"ಮುಂಚೆ ಎಲ್ಲಾ ಸರಿ ಇತ್ತು, ಅಜ್ಜ."

"ಎಲ್ಲಾ ಸರಿ ಇದ್ದ ಒಂದು ಪುಟವನ್ನೂ ನಾನು ಇವತ್ತಿನವರೆಗೆ ನೋಡಿಲ್ಲ. ಹಿಂದಕ್ಕೆ ಹೋಗು."

ಕಾಯಿಗಳನ್ನು ಒಂದೊಂದೇ ಹಿಂದಕ್ಕೆ ಸರಿಸಿದ. ಇಪ್ಪತ್ತನಾಲ್ಕಕ್ಕೆ ಬಂದು, "ಇಲ್ಲಿ ರಾಣಿಯ ಬಲಿ," ಎಂದು ಎದೆಯುಬ್ಬಿಸಿದ.

"ಅಯ್ಯಯ್ಯೋ!" ಬೇಕರಿಯವನು ಎದ್ದೇಬಿಟ್ಟ. "ಕುದುರೆ ಇದೆಯಲ್ಲೋ ಮಾರಾಯ! ಒಂದು ನೆಗೆತಕ್ಕೆ ರಾಜ, ರಾಣಿ ಎರಡೂ! ನಿನಗೆ ಕಾಣ್ಲೇ ಇಲ್ವಾ?"

ಕೋಣೆ ಗೊಳ್ಳೆಂದಿತು. "ಕಣ್ಣಿಗೆ ಗ್ರೀಸು ಬಿದ್ದಿತ್ತೇನೋ," ಎಂದ ಒಬ್ಬ. "ಪಾಪ, ವಯಸ್ಸಾಯ್ತು," ಎಂದ ಇನ್ನೊಬ್ಬ. ಪ್ರೂಫಜ್ಜ ಸಮಾಧಾನದಿಂದ ತಲೆಯಾಡಿಸಿದ: "ಸರಿ ಬಿಡು. ಕಣ್ಣು ತಪ್ಪೋದು ಎಲ್ಲರಿಗೂ ಇದ್ದದ್ದೇ. ಕುದುರೆ ಕಾಣಲಿಲ್ಲ ಅಂತ ಒಪ್ಕೋ, ಕೈ ಎತ್ತಿಸ್ತೀನಿ."

ನೋಡಿ, ಬಾಗಿಲು ತಾನಾಗಿ ತೆರೆದು ನಿಂತಿತ್ತು. ಹೂಂ ಅಂದಿದ್ದರೆ ಸಾಕು, ಕುರ್ಚಿ ಉಳಿಯುತ್ತಿತ್ತು. ಆದರೆ ಹನ್ನೊಂದು ವರ್ಷ ಮೂರನೇ ಕುರ್ಚಿಯಲ್ಲಿ ಕೂತವನಿಗೆ, ಮಕ್ಕಳಿಗೂ ಕಾಣುವ ನಡೆ ಕಾಣಲಿಲ್ಲ ಅಂತ ಬೇಕರಿಯವನ ಬಾಯಲ್ಲಿ ಕೇಳಿಸಿಕೊಳ್ಳುವುದೆ? ಕಿವಿಯ ತುದಿಯಿಂದ ಹೊಗೆ ಬಂತು.

"ಕಾಣದೇ ಇರೋಕೆ ನಾನೇನು ಕುರುಡನಾ? ನಿಮಗೆಲ್ಲ ಕಾಣೋದಕ್ಕೆ ಒಂದು ವಾರ ಮುಂಚೇನೇ ನಂಗೆ ಕಂಡಿತ್ತು! ಬರೆದೂ ಇದ್ದೆ! ನೋಡ್ಕೊಳ್ಳಿ!" ಎಂದು ಚೀಟಿಯನ್ನು ಮೇಲೆತ್ತಿ ಹಿಡಿದ.

ಫ್ಯಾನು ಕೂಡ ಒಂದು ಸುತ್ತು ತಡೆದು ನಿಂತಿತು.

"ಬರೆದವನು ಹೊಡೆದದ್ದು ಯಾಕೆ?" ಎಂದ ಪ್ರೂಫಜ್ಜ, ಬಹಳ ಮೆತ್ತಗೆ.

ಬಾಯಿಯಿಂದ ಹೊರಟ ಮಾತು, ಲಿಫ್ಟಿನ ಗುಂಡಿ ಒತ್ತಿದ ಹಾಗೆ. ಇನ್ನು ಇಳಿಯದೆ ವಿಧಿಯಿಲ್ಲ. ಅವನು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದ. "ಅದಕ್ಕೆ. ಚೌಕಟ್ಟಿಗೆ. ಚೆಂದದ ಆಟ ಆಗ್ಲಿ ಅಂತ."

ಆಮೇಲೆ ಎದ್ದ ನಗುವಿಗೆ ಕೆಳಗಿನ ಅಂಗಡಿಯ ಹನ್ನೆರಡು ಸೈಕಲ್ಲುಗಳ ಗಾಳಿ ಹೋಯಿತು. ಹನ್ನೆರಡಲ್ಲದಿದ್ದರೂ ಒಂದರದ್ದು.

ಕೈ ಎತ್ತುವ ಹೊತ್ತು ಬಂತು. "ತಾನಾಗೇ ಹೇಳಿದನಲ್ಲ," ಎಂದು ಆರು ಜನ ಎತ್ತಿದರು, ಪ್ರೂಫಜ್ಜನೂ ಸೇರಿ. "ಮೊದಲು ಆನೆಯ ತಲೆಗೆ ಕಟ್ಟಿದನಲ್ಲ," ಎಂದು ಆರು ಜನ ಕೈಕಟ್ಟಿ ಕೂತರು. ಉಳಿದದ್ದು ಅತ್ತಿಗೆ. ಕೈ ಎತ್ತದಿದ್ದರೆ ಅವನ ಕುರ್ಚಿ ಅವಳದು. ಎಲ್ಲರ ತಲೆ ಒಟ್ಟಿಗೆ ಅವಳತ್ತ ತಿರುಗಿತು.

ಅವಳು ಕೈ ಎತ್ತಲೂ ಇಲ್ಲ, ಕಟ್ಟಲೂ ಇಲ್ಲ. "ಪಾಠ ಇನ್ನೂ ಮುಗಿದಿಲ್ಲ," ಎಂದಳು. "ಇಪ್ಪತ್ತೈದು ತೋರಿಸು. ಬಲಿ ಕೊಟ್ಟಾಗ ನೀನು ಮೂರು ನಡೆಗೆ ಮುಗೀತು ಅಂದ್ಕೊಂಡಿದ್ದೆ. ಮತ್ಯಾಕೆ ಮುಗೀಲಿಲ್ಲ?"

ಅವನು ಹಲಗೆಯ ಕಡೆ ತಿರುಗಿ, ಬಲಿಯನ್ನೂ ಆನೆಯ ಚೆಕ್ಕನ್ನೂ ಆಡಿ ತೋರಿಸಿ, ಅವಳ ರಾಜನನ್ನು ಒಂದು ಮನೆ ಮುಂದಕ್ಕೆ ಸರಿಸಿದ. ಬೇಕರಿಯವನು ಬೆರಳಲ್ಲಿ ಗಾಳಿಯಲ್ಲೇ ಲೆಕ್ಕ ಹಾಕಿ, ಇನ್ನೊಮ್ಮೆ ಹಾಕಿ, "ಅಬ್ಬಾ," ಎಂದು ಕೂತುಕೊಂಡ. ಪ್ರೂಫಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಗಾಬರಿಯಲ್ಲಿ ನಡೆಯುವ ರಾಜ ಅಲ್ಲ ಅದು. ತನ್ನ ಮನೆಯ ಅಂಗಳದಲ್ಲಿ ನಡೆಯುವ ಹಾಗೆ ನಡೆದಿತ್ತು.

ಅವನ ಬಾಯಲ್ಲಿ ಉತ್ತರಗಳ ಮೂಟೆಯೇ ಇತ್ತು. ಬೆಳಕು ಸರಿಯಿರಲಿಲ್ಲ, ಬೇಕರಿಯವನು ಸೀನಿದ, ಗಡಿಯಾರ ಕೈಕೊಟ್ಟಿತು. ಒಂದೊಂದನ್ನೂ ತೆಗೆದು ನೋಡಿ ಅಲ್ಲೇ ಇಟ್ಟ.

"ಇದು ನಂಗೆ ಕಾಣಲಿಲ್ಲ, ಅತ್ತಿಗೆ," ಎಂದ. "ನೀವು ಆಡಿದ ಮೇಲೂ ಕಾಣಲಿಲ್ಲ. ನಕ್ಕೆ ನಾನು."

ಆ ವಾಕ್ಯದಲ್ಲಿ ಒಂದು ಸಾಸಿವೆಯಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಅವನಿಗೇ ಅದು ಬೇರೆ ಯಾರದೋ ಮಾತಿನ ಹಾಗೆ ಕೇಳಿಸಿತು.

ಅತ್ತಿಗೆ ಕೈ ಎತ್ತಿದಳು.

ಮೆಟ್ಟಿಲಿಳಿಯುವಾಗ ಅವನಿಗೆ ಮತ್ತೆ ಜೀವ ಬಂದಿತ್ತು. "ಮುಂದಿನ ವಾರ ನೀವು ಮೀಸಲು ಆಟಗಾರ್ತಿ ಅಲ್ವಾ? ದೂರದ ದಾರಿ, ಸುಮ್ಮನೆ ಯಾಕೆ ಆಯಾಸ ಮಾಡ್ಕೊತೀರಾ?"

"ಆಯಾಸ ಏನು ಬಂತು? ಬರ್ತೀನಿ," ಎಂದಳು ಅತ್ತಿಗೆ. "ನಿನ್ನ ಕುರ್ಚಿ ಹಿಂದೇನೇ ನಿಂತಿರ್ತೀನಿ. ನೀನು ಏನು ಬರೀತೀಯಾ, ಏನು ಆಡ್ತೀಯಾ ಅಂತ ನೋಡ್ತಾ ಇರ್ತೀನಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ, ಪಂದ್ಯಕ್ಕೆ ಇನ್ನೂ ಏಳು ದಿನವಿರುವಾಗಲೇ, ಅವನ ಅಂಗೈ ಬೆವರಿತು.